ನಾಲ್ಕು ಬೆರಳು ಆಚೆ

ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ ಮೂರನೆಯ ಶನಿವಾರ ಬೆಳಿಗ್ಗೆ ಸೆಲೆದೋನಿಯೊ ತ್ರುಹೀಯೊ ಎಂದಿನಂತೆ ತನ್ನ ಕಾರಿನ ಹಿಂದೆ ಮಂಡಿಯೂರಿದ. ಬಂಪರಿನ ಎಡ ಮೂಲೆಯಿಂದ ಎರಡು ಗೇಣು ಅಳೆದು ಹೆಬ್ಬೆರಳು ಇಳಿಸಿದ. ಅಲ್ಲಿರಬೇಕಾದ ನೆಗ್ಗು ಅಲ್ಲಿರಲಿಲ್ಲ.

ಎಪ್ಪತ್ಮೂರು ವಯಸ್ಸಿನ ಸೆಲೆಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು. ಪೂರ್ತಿ ಹೋಗಿರಲಿಲ್ಲ. ನಟ್ಟನಡುವೆ ಮಸಿ ಬಳಿದಂತಾಗಿ ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಕಾಣುತ್ತಿತ್ತು. ಎದುರಿಗೆ ಕೂತವರ ಕಿವಿ ಕಂಡರೆ ಮೂಗು ಕಾಣುತ್ತಿರಲಿಲ್ಲ. ಆದರೆ ಸಾವಿರದೊಂಬೈನೂರ ಅರವತ್ನಾಲ್ಕರ ಇಂಪಾಲಾ ಕಾರಿನ ಹೊಳೆವ ಕ್ರೋಮ್ ಲೇಪವನ್ನು ಉಜ್ಜಲು ಅವನಿಗೆ ಕಣ್ಣೇ ಬೇಕಿರಲಿಲ್ಲ. ಮೊದಲು ಸೋಪಿನ ನೀರು, ಆಮೇಲೆ ಒಣ ಬಟ್ಟೆ. ತುಕ್ಕಿನ ಚುಕ್ಕೆ ಬೆರಳಿಗೆ ತಗುಲಿದರೆ ನೀರಲ್ಲಿ ಅದ್ದಿದ ಅಲ್ಯೂಮಿನಿಯಂ ಹಾಳೆಯ ಉಂಡೆ. ಕಾರಿನ ಹೆಸರಿನ ಅಕ್ಷರಗಳ ಸಂದಿಗೆ ಸವೆದ ಹಲ್ಲುಜ್ಜುವ ಬ್ರಷ್. ಪಾಲಿಷ್ ಬಳಿದು ಒಣಗಿದ ಮೇಲೆ, ಕೊನೆಗೆ, ಮಗ ರುಬೆಲ್ ಕೂಸಾಗಿದ್ದಾಗ ಕಟ್ಟುತ್ತಿದ್ದ ಲಂಗೋಟಿ ಬಟ್ಟೆ. ಅಂಗಡಿ ಬಟ್ಟೆ ಕ್ರೋಮನ್ನು ಗೀರುತ್ತದೆ, ಹೆತ್ತ ಮಕ್ಕಳ ಲಂಗೋಟಿ ಗೀರುವುದಿಲ್ಲ ಎಂದು ಎಸ್ಪನ್ಯೋಲಾ ಕಣಿವೆಯ ಹಳಬರೆಲ್ಲ ನಂಬಿದ್ದಾರೆ. ರುಬೆಲ್‌ಗೆ ಈಗ ನಲವತ್ತಾರು. ಅವನ ಲಂಗೋಟಿಗಳು ಇನ್ನೂ ಪ್ರತಿ ಶನಿವಾರ ಅಂಗಳದ ಹಗ್ಗದ ಮೇಲೆ ಹಾರಾಡುತ್ತಿದ್ದವು. ಅವನಿಗೆ ಅದೊಂದು ನಾಚಿಕೆ.

ನೆಗ್ಗಿನ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಹದಿನೇಳರ ವಯಸ್ಸಿನಲ್ಲಿ ರುಬೆಲ್ ಅಪ್ಪನನ್ನು ಕೇಳದೆ ಕಾರು ತೆಗೆದುಕೊಂಡು ಕುಣಿತಕ್ಕೆ ಹೋಗಿದ್ದ. ವಾಪಸು ಬರುವಾಗ ನದಿಯ ತಿರುವಿನಲ್ಲಿ ಹೆಪ್ಪುಗಟ್ಟಿದ ರಸ್ತೆಯ ಮೇಲೆ ಕಾರು ಗಿರ್ರನೆ ತಿರುಗಿ, ಹಿಂಭಾಗ ಹೋಗಿ ದಡದ ಮರಕ್ಕೆ ಬಡಿದಿತ್ತು. ಸೆಲೆ ಹೊಸ ದೀಪ ಹಾಕಿಸಿದ, ಬಣ್ಣ ಹೊಡೆಸಿದ. ಬಂಪರಿನ ನೆಗ್ಗನ್ನು ಮಾತ್ರ ಹಾಗೇ ಬಿಟ್ಟ. "ಮೂಲೆಯಿಂದ ಎರಡು ಗೇಣು. ಅದನ್ನ ಮುಟ್ಬೇಡ," ಎಂದು ಗ್ಯಾರೇಜಿನವನಿಗೆ ಮಗನ ಎದುರಿಗೇ ಹೇಳಿದ. ಹನ್ನೊಂದು ತಿಂಗಳು ಮಗನೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಅವತ್ತಿನಿಂದ ಆ ಮೂಲೆಯನ್ನು ಉಜ್ಜುವ ಹಕ್ಕು ಅವನೊಬ್ಬನದೇ ಆಯಿತು. ನೆಗ್ಗಿನಲ್ಲಿ ಹೆಬ್ಬೆರಳು ಇಟ್ಟು ಏನೋ ಗೊಣಗುತ್ತಿದ್ದ. ಏನೆಂದು ಯಾರೂ ಕೇಳಿದವರಿಲ್ಲ.

ಈಗ ಅವನು ಇನ್ನೊಮ್ಮೆ ಅಳೆದ. ಎರಡು ಗೇಣು. ನುಣುಪು. ಹೆಬ್ಬೆರಳನ್ನು ಬಲಕ್ಕೆ ಸರಿಸಿದ. ಒಂದು ಬೆರಳು, ಎರಡು, ಮೂರು. ನಾಲ್ಕನೆಯ ಬೆರಳಿಗೆ ನೆಗ್ಗು ಸಿಕ್ಕಿತು.

ಕೈ ಒರೆಸಿಕೊಂಡು ಅಡುಗೆಮನೆಗೆ ಬಂದ. ಹೆಂಡತಿ ಎರ್ಲಿಂದಾ ಒಲೆಯ ಕಡೆ ಮುಖ ಮಾಡಿ ತೋರ್ತಿಯಾ ರೊಟ್ಟಿ ತಿರುಗಿಸುತ್ತಿದ್ದಳು. ರುಬೆಲ್, ಅವನ ಮಗಳು ಹೊವೀತಾ ಇಬ್ಬರೂ ಮೇಜಿನ ಮುಂದೆ ಕೂತಿದ್ದರು. ಹೆಂಡತಿ ಬಿಟ್ಟುಹೋದ ಮೇಲೆ ರುಬೆಲ್ ಮಗಳನ್ನು ಕರೆದುಕೊಂಡು ಈ ಮನೆಗೆ ಮರಳಿ ಎರಡು ವರ್ಷವಾಗಿತ್ತು. ರಸ್ತೆ ಇಲಾಖೆಯಲ್ಲಿ ಕೆಲಸ. ಅಪ್ಪನಿಗೂ ಅವನಿಗೂ ಹವಾಮಾನದ ವಿಷಯ ಬಿಟ್ಟರೆ ಬೇರೆ ಮಾತಿರಲಿಲ್ಲ.

"ಬಂಪರ್ ಯಾರು ಮುಟ್ಟಿದ್ದು?" ಎಂದ ಸೆಲೆ.

"ಯಾರು ಮುಟ್ತಾರೆ ಮಾರಾಯ ನಿನ್ನ ಮಹಾರಾಣೀನ? ಕೂತು ತಿನ್ನು, ಬೀನ್ಸ್ ಆರ್ತಿದೆ," ಎಂದಳು ಎರ್ಲಿಂದಾ.

"ನೆಗ್ಗು ಸರಿದಿದೆ."

"ಏನು ಸರಿದಿದೆ?"

"ನೆಗ್ಗು. ನಾಲ್ಕು ಬೆರಳು ಬಲಕ್ಕೆ ಹೋಗಿದೆ."

ರುಬೆಲ್‌ನ ಚಮಚದ ಸದ್ದು ನಿಂತಿತು. ಮತ್ತೆ ಶುರುವಾಯಿತು. "ನೆಗ್ಗೇನು ಹಸುವಾ ಅಪ್ಪ, ಮೇಯ್ಕೊಂಡು ಆಚೆ ಹೋಗಕ್ಕೆ?"

ಹೊವೀತಾ ಕಿಸಕ್ಕನೆ ನಕ್ಕಳು. ಸೆಲೆಗೆ ನಗು ಬರಲಿಲ್ಲ.

"ಚಳಿಗೆ ನಿನ್ನ ಕೈ ಊದಿರ್ಬೇಕು," ಎಂದ ರುಬೆಲ್.

"ಕೈ ಊದಿದ್ರೆ ಗೇಣು ದೊಡ್ಡದಾಗುತ್ತೆ. ನೆಗ್ಗು ಹತ್ರ ಬರ್ಬೇಕು. ಇದು ದೂರ ಹೋಗಿದೆ."

"ಹಾಗಾದ್ರೆ ಕೈ ಕುಗ್ಗಿದೆ," ಎಂದಳು ಎರ್ಲಿಂದಾ, ತಿರುಗಿ ನೋಡದೆ. "ವಯಸ್ಸಾದ್ರೆ ಎಲ್ಲಾ ಕುಗ್ಗುತ್ತೆ. ಕೂತ್ಕೋ ಅಂದೆ."

ಅವನು ಕೂತ. ಅವಳು ಮೆಣಸಿನ ಕೆಂಪು ಗೊಜ್ಜು ಬಡಿಸುವಾಗ ಸೌಟು ತಟ್ಟೆಯ ಅಂಚಿಗೆ ತಗುಲಿ ಎರಡು ಹನಿ ಅವನ ಕೈಮೇಲೆ ಬಿತ್ತು. ಐವತ್ತು ವರ್ಷದಲ್ಲಿ ಎರ್ಲಿಂದಾ ಒಂದು ಹನಿ ಚೆಲ್ಲಿದವಳಲ್ಲ. ಅದನ್ನೂ ಅವನು ಗಮನಿಸಿದ. ಅದರ ಅರ್ಥ ಮಾತ್ರ ಅವನಿಗೆ ಹೊಳೆಯಲಿಲ್ಲ.

ಕೈ ಕುಗ್ಗಿದೆಯೋ ಇಲ್ಲವೋ ನೋಡಲು ಒಂದು ದಾರಿ ಇತ್ತು. ಸೋಮವಾರ ಮಗ ಕೆಲಸಕ್ಕೆ, ಮೊಮ್ಮಗಳು ಕಾಲೇಜಿಗೆ ಹೋದ ಮೇಲೆ ಸೆಲೆ ಅಡುಗೆಮನೆಯ ಮೇಜನ್ನು ಅಳೆದ. ಅದನ್ನು ಮಾಡಿದವನೇ ಅವನು, ಒಂಬತ್ತು ಗೇಣು ಉದ್ದ. ಈಗಲೂ ಒಂಬತ್ತೇ ಬಂತು. ಬಾಗಿಲ ಚೌಕಟ್ಟು ಅಳೆದ. ಮಂಚ ಅಳೆದ. ಮೇರಿಯಮ್ಮನ ಪಟದ ಕೆಳಗಿನ ಪೆಟ್ಟಿಗೆ ಅಳೆದ. ಎಲ್ಲ ಇದ್ದಷ್ಟೇ ಇದ್ದವು. ಬಟ್ಟೆ ಒಗೆದು ಬಂದ ಎರ್ಲಿಂದಾ ಗಂಡ ಮಂಡಿಯೂರಿ ಗೋಡೆ ಅಳೆಯುತ್ತಿರುವುದನ್ನು ಬಾಗಿಲಲ್ಲಿ ನಿಂತು ನೋಡಿದಳು.

"ಏನು ಮಾಡ್ತಿದೀಯ ಸೆಲೆ?"

"ಕೈ ಕುಗ್ಗಿಲ್ಲ."

"ಸರಿ. ಕುಗ್ಗಿಲ್ಲ."

"ಹಾಗಾದ್ರೆ ನೆಗ್ಗು ಸರಿದಿದೆ. ಇಲ್ಲ ನನ್ನ ತಲೆ ಸರಿದಿದೆ. ಮೂರನೇದು ಯಾವ್ದಿದೆ, ನೀನೇ ಹೇಳು."

ಅವಳು ಬಟ್ಟೆಯ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ ಒಳಗೆ ಹೋದಳು.

ಸೆಲೆಯ ಭಯಕ್ಕೆ ಕಾರಣವಿತ್ತು. ಅವನ ತಾಯಿ ರೆಫೂಹಿಯೊ ಕೊನೆಯ ಮೂರು ವರ್ಷ ಮಗನನ್ನು ಮೊಟ್ಟೆ ಮಾರುವವನೆಂದು ತಿಳಿದಿದ್ದಳು. ಇವನು ಹೋದಾಗಲೆಲ್ಲ ಬಾಗಿಲಲ್ಲೇ ನಿಲ್ಲಿಸಿ, "ಇವತ್ತಿಗೆ ಒಂದು ಡಜನ್ ಸಾಕಪ್ಪ," ಎಂದು ಕಳಿಸುತ್ತಿದ್ದಳು. ಅದು ಶುರುವಾದದ್ದು ಬಹಳ ಸಣ್ಣದರಿಂದ. ಒಂದು ದಿನ ಬೆಳಿಗ್ಗೆ ಎದ್ದು, "ಯಾರೋ ಕಿಟಕೀನ ಆಚೆಗೆ ಸರಿಸಿದಾರೆ," ಎಂದಿದ್ದಳು. ಆಗ ಎಲ್ಲರೂ ನಕ್ಕಿದ್ದರು. ಸೆಲೆಯೂ ನಕ್ಕಿದ್ದ.

ಹೊವೀತಾ ಹತ್ತೊಂಬತ್ತರ ಹುಡುಗಿ. ರೋಗಿಗಳನ್ನು ನೋಡಿಕೊಳ್ಳುವ ಕೋರ್ಸು ಸೇರಿ ಆರು ತಿಂಗಳಾಗಿತ್ತು. ಮನೆಯವರ ಮೇಲೆಲ್ಲ ಕಲಿತದ್ದನ್ನು ಪ್ರಯೋಗ ಮಾಡುತ್ತಿದ್ದಳು. ಅಜ್ಜಿಯ ರಕ್ತದೊತ್ತಡ ದಿನಕ್ಕೆ ಮೂರು ಸಲ ನೋಡಿ ಬೈಸಿಕೊಂಡಿದ್ದಳು. ಈಗ ಅವಳಿಗೆ ಸರಿಯಾದ ರೋಗಿ ಸಿಕ್ಕ.

"ತಾತ, ಮೂರು ಪದ ಹೇಳ್ತೀನಿ, ನೆನಪಿಟ್ಕೋ. ಸೇಬು, ಮೇಜು, ನಾಣ್ಯ."

"ಯಾತಕ್ಕೆ?"

"ಸುಮ್ನೆ. ಈಗ ಒಂದು ಗಡಿಯಾರ ಬರಿ. ಹನ್ನೊಂದು ಗಂಟೆ ಹತ್ತು ನಿಮಿಷ."

ಅವನು ಬರೆದ. ಕಣ್ಣಿನ ನಡುವಿನ ಮಸಿಯನ್ನು ತಪ್ಪಿಸಿ ಅಂಚಿನಿಂದ ನೋಡುತ್ತಾ ಬರೆದದ್ದರಿಂದ ಅಂಕಿಗಳೆಲ್ಲ ವೃತ್ತದ ಹೊರಗೆ ಉದುರಿದವು.

"ಕಣ್ಣು ಕಾಣದೋನಿಗೆ ಗಡಿಯಾರ ಬರಿ ಅಂದ್ರೆ ಇನ್ನೇನು ಬರೀತಾನೆ?" ಎಂದು ಎರ್ಲಿಂದಾ ಒಲೆಯ ಹತ್ತಿರದಿಂದ ರೇಗಿದಳು.

"ಅಜ್ಜಿ, ನೀನು ಸುಮ್ನಿರು. ತಾತ, ನೆಗ್ಗು ಒಂದೇ ಓಡಾಡುತ್ತಾ, ಇಲ್ಲ ಬೇರೆ ಸಾಮಾನೂ ಓಡಾಡುತ್ತಾ?"

"ನೆಗ್ಗು ಒಂದೇ," ಎಂದ ಸೆಲೆ ಗಂಭೀರವಾಗಿ. ಸ್ವಲ್ಪ ತಡೆದು, "ಸೇಬು, ಮೇಜು, ನಾಣ್ಯ," ಎಂದ. ಅವಳು ಅದನ್ನು ಬರೆದುಕೊಳ್ಳಲಿಲ್ಲ. ಗಡಿಯಾರವನ್ನು ಮಾತ್ರ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ಐದು ಗಂಟೆಗೆ ಸೆಲೆ ಕಾಫಿ ಕಾಯಿಸಲು ಎದ್ದ. ಮನೆಗೆಲ್ಲ ಬೆಳಗಿನ ಕಾಫಿ ಅವನದು. ಕಣ್ಣು ಹೋದ ಮೇಲೆ ಅವನ ಪಾಲಿಗೆ ಉಳಿದಿದ್ದ ಕೆಲಸಗಳು ಎರಡೇ, ಕ್ರೋಮ್ ಮತ್ತು ಕಾಫಿ. ಪಾತ್ರೆ ಇಟ್ಟು ಗ್ಯಾಸ್ ಒಲೆ ಹಚ್ಚಲು ತಿರುಗಿಸುವ ಗುಂಡಿಗೆ ಕೈ ಹಾಕಿದ. ಗುಂಡಿ ಇರಬೇಕಾದ ಕಡೆ ಬರೀ ಕಬ್ಬಿಣದ ಮೊಳೆ ಸಿಕ್ಕಿತು. ಇನ್ನೂ ಮೂರು ಕಡೆ ತಡವಿದ. ಎಲ್ಲ ಹಾಗೇ. ಅಲ್ಲಿಗೆ ಕುರ್ಚಿಯ ಮೇಲೆ ಕೂತುಬಿಟ್ಟ. ಒಲೆಯ ಗುಂಡಿಗಳು ನಿಜವಾಗಿ ಇಲ್ಲವೋ, ತನ್ನ ಕೈಗೆ ಮಾತ್ರ ಸಿಗುತ್ತಿಲ್ಲವೋ ಅವನಿಗೆ ಗೊತ್ತಾಗಲಿಲ್ಲ.

"ನಾನೇ ತೆಗೆದಿಟ್ಟಿದೀನಿ ತಾತ," ಎಂದಳು ಹೊವೀತಾ, ಆಕಳಿಸುತ್ತಾ ಬಂದು. "ಇನ್ಮೇಲೆ ಗ್ಯಾಸ್ ಮುಟ್ಬೇಡ. ಕೋರ್ಸಲ್ಲಿ ಮೊದ್ಲು ಹೇಳಿಕೊಟ್ಟಿದ್ದೇ ಅದು."

"ಹೇಳಿ ತೆಗೀಬಾರ್ದಾಗಿತ್ತಾ ಮಗಳೇ?"

"ಹೇಳಿದ್ರೆ ನೀನು ಕೊಡ್ತಿದ್ಯಾ?"

ಅವತ್ತು ಅವಳು ಮಾಡಿಕೊಟ್ಟ ಕಾಫಿ ಕಲಗಚ್ಚಿನಂತಿತ್ತು. ಕುಡಿದ.

ನಾಲ್ಕನೆಯ ಶನಿವಾರ ನೆಗ್ಗು ನಾಲ್ಕು ಬೆರಳು ಆಚೆಯೇ ಇತ್ತು. ಅದೊಂದೇ ಅಲ್ಲ. ನೆಗ್ಗಿನ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಗುಳಿಗಳು ಹನ್ನೊಂದಿದ್ದವು. ಜಪಮಾಲೆಯಂತೆ ಅವುಗಳನ್ನು ಎಣಿಸುವುದು ಅವನ ರೂಢಿ. ಈಗ ಒಂದೂ ಇರಲಿಲ್ಲ. ಬದಲಿಗೆ ಬಲಗಡೆ, ಎಂದೂ ಇಲ್ಲದ ಕಡೆ, ಮರಳು ಕಾಗದದಂಥ ಒರಟು ಕೈಗೆ ತಗುಲಿತು. ಸೆಲೆ ಲಂಗೋಟಿ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಐವತ್ತು ವರ್ಷ ಜೊತೆಗೆ ಮಲಗಿದವಳು ಬೇರೆಯವಳಂತೆ ಅನಿಸಿದರೆ ಹೇಗೋ ಹಾಗಾಗಿತ್ತು ಅವನಿಗೆ.

ಅದರ ಮುಂದಿನ ಶುಕ್ರವಾರ ಊಟಕ್ಕೆ ಎರ್ಲಿಂದಾ ಮೊಟ್ಟೆಯ ನೊರೆ ಕರಿದು ಕೆಂಪು ಗೊಜ್ಜಿನಲ್ಲಿ ಹಾಕಿದ್ದಳು, ಜೊತೆಗೆ ಸೊಪ್ಪಿನ ಪಲ್ಯ. ಉಪವಾಸದ ಶುಕ್ರವಾರಗಳಲ್ಲಿ ಮಾಂಸವಿಲ್ಲದ ಈ ಊಟವೆಂದರೆ ಸೆಲೆಗೆ ಪ್ರಾಣ. ಆದರೆ ಅವತ್ತು ತಟ್ಟೆ ಸರಿಸಿದ.

"ನೀನು ಕಣ್ಣಿದ್ದೋನು," ಎಂದ ಮಗನಿಗೆ. "ಬಂದು ನೋಡು. ನಿಜ ಹೇಳು. ಆ ಬಂಪರ್ ನಂದೇನಾ?"

"ಇನ್ಯಾರದ್ದು ಅಪ್ಪ?"

"ಕೇಳಿದ್ದಕ್ಕೆ ಉತ್ರ ಕೊಡು."

"ನಿಂದೇ," ಎಂದ ರುಬೆಲ್. "ನಿಂದೇ ಬಂಪರ್, ನಿಂದೇ ನೆಗ್ಗು. ಇಪ್ಪತ್ತೊಂಬತ್ತು ವರ್ಷದಿಂದ ಅದೇ ನೆಗ್ಗಿನ ಪುರಾಣ ಕೇಳಿ ಕೇಳಿ ನಂಗೂ ಸಾಕಾಗಿದೆ."

"ನಾನೆಲ್ಲಿ ಪುರಾಣ ಹೇಳ್ದೆ? ಒಂದು ದಿನಾನಾದ್ರೂ ಅದರ ಮಾತೆತ್ತಿದೀನಾ?"

"ಎತ್ತಬೇಕಾ? ಪ್ರತಿ ಶನಿವಾರ ಅದರ ಮುಂದೆ ಮಂಡಿಯೂರಿ ಕೂರ್ತೀಯಲ್ಲ, ಸಾಲ್ದಾ?"

"ಸಾಕು, ಸಾಕು, ಇಬ್ರೂ ತಿನ್ನಿ," ಎಂದಳು ಎರ್ಲಿಂದಾ. ಯಾರೂ ತಿನ್ನಲಿಲ್ಲ. ಹೊವೀತಾ ಒಬ್ಬಳೇ ಎರಡು ಸಲ ಬಡಿಸಿಕೊಂಡಳು.

ಆ ಮೇಲೆ ಸೆಲೆ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಕಟ್ಟಿಗೆ ಕೋಣೆಯ ಹಿಂದೆ ತಾಯಿ ಮಗನ ಪಿಸುಮಾತು ಕೇಳಿಸಿತು. "ನನ್ನ ಕೈಲಿ ಆಗಲ್ಲ ಕಣೋ, ಅವನ ಮುಖ ನೋಡಕ್ಕಾಗಲ್ಲ," ಎನ್ನುತ್ತಿದ್ದಳು ಎರ್ಲಿಂದಾ. "ಇನ್ನೆರಡು ವಾರ ತಡ್ಕೋಮ್ಮ. ಈಸ್ಟರ್ ಹೊತ್ತಿಗೆ ಎಲ್ಲಾ ಮುಗಿಯುತ್ತೆ," ಎಂದ ರುಬೆಲ್. ಸೆಲೆ ನಲ್ಲಿ ತಿರುಗಿಸದೆ ವಾಪಸು ಬಂದ. ತನ್ನನ್ನು ಯಾವುದೋ ವೃದ್ಧಾಶ್ರಮಕ್ಕೆ ಸೇರಿಸುತ್ತಾರೆ ಎಂದು ಅವನಿಗೆ ಖಚಿತವಾಯಿತು. ತಾಯಿಯನ್ನು ಕೊನೆಗೆ ಅವನೂ ಸೇರಿಸಿದ್ದ. ಬೆಳ್ಳಗೆ ಬಳಿದ ಕೋಣೆ, ಕಿಟಕಿಯ ಹತ್ತಿರ ಒಂದು ಕುರ್ಚಿ. ಅವಳು ಆ ಕಿಟಕಿಯೂ ಸರಿದಿದೆ ಎಂದೇ ಹೇಳುತ್ತಿದ್ದಳು.

ಐದನೆಯ ಶನಿವಾರ ಹೇಗೋ ಉಜ್ಜಿದ. ಆರನೆಯ ಶನಿವಾರ ಅಂಗಳಕ್ಕೇ ಇಳಿಯಲಿಲ್ಲ. ಪಾಲಿಷಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಸಿಗೆಯ ಅಂಚಿನಲ್ಲಿ ಕೂತಿದ್ದ. ಮೆರವಣಿಗೆಗೆ ಒಂದು ವಾರವಿತ್ತು. ಈಸ್ಟರ್ ಭಾನುವಾರ ಕಣಿವೆಯ ಅಷ್ಟೂ ಹಳೆಯ ಕಾರುಗಳು ರಿವರ್‌ಸೈಡ್ ರಸ್ತೆಯಲ್ಲಿ ತೆವಳಿಕೊಂಡು ಸಾಗುತ್ತವೆ. ನೆರೆಮನೆಗಳ ಅಂಗಳದಲ್ಲೆಲ್ಲ ನೀರಿನ ಪೈಪು, ರೇಡಿಯೋ, ಉಜ್ಜುವವರ ಗಲಾಟೆ. ಎರ್ಲಿಂದಾ ಎರಡು ಸಲ ಬಾಗಿಲಿಗೆ ಬಂದು ಹೋದಳು. ಮೂರನೆಯ ಸಲ ಬಂದು ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು.

"ಉಜ್ಜಲ್ವಾ?"

"ಯಾರ ಕಾರನ್ನ ಉಜ್ಜಲಿ?"

ಅವಳು ಮೂಗು ಸೇದಿದಳು. ತನಗೆ ಅಳು ಬರಬೇಕಾದ ಹೊತ್ತಿನಲ್ಲಿ ಇವಳೇಕೆ ಅಳುತ್ತಿದ್ದಾಳೆ ಎಂದು ಸೆಲೆಗೆ ಅರ್ಥವಾಗಲಿಲ್ಲ.

ಪವಿತ್ರ ವಾರದ ಬುಧವಾರ ಸಂಜೆ ಎರ್ಲಿಂದಾ ಮೊಳಕೆ ಗೋಧಿಯ ಹಿಟ್ಟು ಕಾಯಿಸಿ ಪನೋಚಾ ಮಾಡಿದ್ದಳು. ವರ್ಷಕ್ಕೊಮ್ಮೆ ಮಾಡುವ ಸಿಹಿ. ಮನೆಯೆಲ್ಲ ಬೆಲ್ಲ ಕರಗಿದಂಥ ವಾಸನೆ. ಎಲ್ಲರೂ ಕೂತ ಮೇಲೆ ಸೆಲೆ ಮಾತು ತೆಗೆದ.

"ಫಿದೆಲ್‌ಗೆ ಫೋನ್ ಮಾಡಿದ್ದೆ. ಕಾರು ಅವನಿಗೆ ಕೊಟ್ಬಿಟ್ಟೆ. ಶನಿವಾರ ಬಂದು ತಗೊಂಡು ಹೋಗು ಅಂದೆ."

ಫಿದೆಲ್ ಅವನ ಚಿಕ್ಕಪ್ಪನ ಮಗ, ಚಿಮಾಯೋ ಊರಿನವನು.

"ಅವನೇನಂದ?" ಎಂದ ರುಬೆಲ್.

"ಏನೂ ಅನ್ಲಿಲ್ಲ. ಕೆಮ್ಮಿದ. ನೋಡು ಮಗ, ಯಾವ್ದು ನಂದು ಅಂತ ನಂಗೆ ಗೊತ್ತಿರೋವಾಗ್ಲೇ ಕೊಡ್ಬೇಕು. ಆಮೇಲೆ ಕೊಟ್ರೆ ಅದು ಕೊಟ್ಟಂಗಲ್ಲ. ಈಸ್ಟರ್ ಆದ್ಮೇಲೆ ನನ್ನ ಎಲ್ಲಿ ಸೇರಿಸ್ಬೇಕು ಅಂತಿದೀರೋ ಸೇರಿಸಿ. ನಾನು ತಕರಾರು ಮಾಡಲ್ಲ. ಒಂದೇ ಮಾತು. ನಾನು ಈ ಹುಡುಗೀನ ಮೊಟ್ಟೆ ಮಾರೋಳು ಅನ್ನೋಕೆ ಶುರು ಮಾಡಿದ್ರೆ ಅವಳನ್ನ ಕರ್ಕೊಂಡು ಬರ್ಬೇಡಿ."

ಎರ್ಲಿಂದಾ ಸೌಟನ್ನು ಪಾತ್ರೆಗೆ ಎಸೆದ ರಭಸಕ್ಕೆ ಪನೋಚಾ ಮೇಜಿಗೆಲ್ಲ ಹಾರಿತು.

"ಸಾಕು. ಹೇಳ್ಬಿಡು ಅವನಿಗೆ."

"ಅಮ್ಮ, ಇನ್ನು ಮೂರೇ ದಿನ."

"ಮೂರು ದಿನದಲ್ಲಿ ಈ ಮನುಷ್ಯ ಉಳೀತಾನಾ? ನೀನು ಹೇಳ್ತೀಯೋ ನಾನು ಹೇಳ್ಲೋ?"

ಅವಳೇ ಹೇಳಿದಳು. "ಸೆಲೆ, ಆ ಬಂಪರ್ ನಿಂದಲ್ಲ. ಫಿದೆಲ್‌ದು. ಅವನ ಮೇಕೆ ಕೊಟ್ಟಿಗೇಲಿ ಬಿದ್ದಿದೆಯಲ್ಲ ಅದೇ ವರ್ಷದ ಕಾರು, ಅದರದು. ನಿಂದು ಅಲ್ಬುಕರ್ಕಿಯಲ್ಲಿದೆ, ಕ್ರೋಮ್ ಲೇಪ ಹಾಕೋ ಅಂಗ್ಡೀಲಿ. ಈಸ್ಟರ್‌ಗೆ ಹೊಸದಾಗಿ ಹೊಳೀಲಿ, ನಿಂಗೆ ಖುಷಿ ಆಗ್ಲಿ ಅಂತ ಇವನು ತನ್ನ ಬೇಟೆ ಬಂದೂಕ ಮಾರಿ ಕೊಟ್ಟಿದಾನೆ. ಸರ್ಪ್ರೈಸ್ ಅಂತೆ ಸರ್ಪ್ರೈಸ್. ನನ್ನ ಬಾಯಿಗೂ ಬೀಗ ಹಾಕ್ದ."

ಸೆಲೆ ಕೈಗೆ ಹಾರಿದ್ದ ಪನೋಚಾ ಒರೆಸಿಕೊಂಡ. "ಫಿದೆಲ್‌ದು," ಎಂದ. "ಅದಕ್ಕೆ ನೆಗ್ಗು ಎಲ್ಲಿಂದ ಬಂತು?"

"ನಾನೇ ಹೊಡ್ದೆ," ಎಂದ ರುಬೆಲ್. "ಸುತ್ತಿಗೆಗೆ ಬಟ್ಟೆ ಸುತ್ತಿ. ನೆಗ್ಗಿಲ್ದೇ ಇದ್ರೆ ನಿನ್ನ ಬೆರಳಿಗೆ ಗೊತ್ತಾಗ್ಬಿಡುತ್ತೆ ಅಂತ. ಸರಿಯಾಗಿ ಅಳ್ದೇ ಹೊಡ್ದೆ ಅಪ್ಪ. ಎರಡು ಗೇಣು."

"ಯಾರ ಗೇಣು?"

ಸೆಲೆ ಮೇಜಿನ ಮೇಲೆ ಕೈ ಚಾಚಿ ತಡವಿ ಮಗನ ಅಂಗೈ ಹಿಡಿದ. ಅದನ್ನು ಬಿಡಿಸಿ ತನ್ನ ಅಂಗೈಗೆ ಹೊಂದಿಸಿ ಗೇಣು ಅಗಲಿಸಿದ. ರುಬೆಲ್‌ನ ಕಿರುಬೆರಳು ಅವನದನ್ನು ದಾಟಿ ಪೂರ್ತಿ ಎರಡು ಬೆರಳು ಆಚೆ ಹೋಯಿತು. ಎರಡು ಗೇಣಿಗೆ ನಾಲ್ಕು ಬೆರಳು. ಲೆಕ್ಕ ಸರಿಹೋಯಿತು. ಮಗನ ಕೈ ಇಷ್ಟು ದೊಡ್ಡದಾದದ್ದು ಯಾವಾಗ ಎಂದು ಅವನಿಗೆ ತಿಳಿದಿರಲೇ ಇಲ್ಲ. ಆ ಕೈಯನ್ನು ಹಿಡಿದು ಎಷ್ಟೋ ವರ್ಷಗಳಾಗಿದ್ದವು.

"ಅಂದ್ರೆ ನಂದು ಸರಿ? ನೆಗ್ಗು ಸರಿದಿತ್ತು?"

"ಸರಿದಿತ್ತು ಅಪ್ಪ."

"ನನ್ನ ತಲೆ ಸರಿ ಇದೆ."

"ಇದೆ."

"ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಎಂದಳು ಹೊವೀತಾ, ಅಳುವ ದನಿಯಲ್ಲಿ.

"ನಿಂಗೆ ಹೇಳಿದ್ರೆ ಮಧ್ಯಾಹ್ನಕ್ಕೆ ಸಾಂತಾ ಫೇ ಊರಿನವರೆಗೂ ಗೊತ್ತಾಗ್ತಿತ್ತು," ಎಂದಳು ಎರ್ಲಿಂದಾ.

ಹುಡುಗಿ ಎದ್ದು ಹೋಗಿ ಚೀಲ ತಂದು, ಒಲೆಯ ಗುಂಡಿಗಳನ್ನು ಒಂದೊಂದಾಗಿ ತಾತನ ತಟ್ಟೆಯ ಪಕ್ಕ ಇಟ್ಟಳು. ಸೆಲೆ ನಾಲ್ಕನ್ನೂ ತಡವಿ ನೋಡಿದ. ಕುಣಿಯಬೇಕೋ ಎಲ್ಲರಿಗೂ ಎರಡೆರಡು ಬಾರಿಸಬೇಕೋ ತಿಳಿಯದೆ ಒಂದು ಬಟ್ಟಲು ಪನೋಚಾ ತಿಂದ. ಎರಡನೆಯ ಬಟ್ಟಲಿಗೆ ಕೋಪ ಬಂತು. ಚಮಚ ಇಟ್ಟು, ನಾಲ್ಕು ವಾರ ನನ್ನನ್ನು ಹುಚ್ಚನನ್ನಾಗಿ ಮಾಡಿದಿರಿ, ನನ್ನ ತಾಯಿಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿದಿರಿ ಎಂದು ಬೈದ. ಎಲ್ಲರೂ ಬೈಸಿಕೊಂಡರು. ಬೈದು ಮುಗಿಸಿ ಆ ಬಟ್ಟಲನ್ನೂ ಖಾಲಿ ಮಾಡಿದ. ಎರ್ಲಿಂದಾ ಇನ್ನೇನೋ ಹೇಳಲು ಹೊರಟು, ಮಗ ಕೆಮ್ಮಿದ್ದಕ್ಕೆ ಸುಮ್ಮನಾದಳು. ಮಾರನೆಯ ಬೆಳಿಗ್ಗೆ ಐದು ಗಂಟೆಗೆ ಮನೆಯಲ್ಲಿ ಮತ್ತೆ ಸರಿಯಾದ ಕಾಫಿಯ ವಾಸನೆ ಎದ್ದಿತು.

ಶನಿವಾರ ಹತ್ತು ಗಂಟೆಗೆ ರುಬೆಲ್ ಮತ್ತು ಫಿದೆಲ್ ಕಂಬಳಿಯಲ್ಲಿ ಸುತ್ತಿದ ಬಂಪರನ್ನು ಇಳಿಸಿ ಜೋಡಿಸಿದರು. ಸೆಲೆ ಕೊಟ್ಟಿದ್ದ ಕಾರನ್ನು ಫಿದೆಲ್ ಬಾಯಿಮಾತಿನಲ್ಲೇ ವಾಪಸು ಕೊಟ್ಟ. ಹೊವೀತಾ, "ಅಯ್ಯೋ ತಾತ, ಕನ್ನಡಿ ಇದ್ದಂಗಿದೆ, ನನ್ನ ಹಲ್ಲು ಕಾಣುತ್ತೆ," ಎಂದಳು. ಸೆಲೆ ಕೈ ತೊಳೆದು ಒರೆಸಿಕೊಂಡು ಹೊಸ ಮದುಮಗನಂತೆ ಬಂದ. ಮಂಡಿಯೂರಿದ. ತನ್ನ ಸ್ವಂತ ಬಂಪರಿನ ತಣ್ಣನೆಯ ಮೈ ಕೈಗೆ ತಗುಲಿತು. ಮೂಲೆಯಿಂದ ಒಂದು ಗೇಣು, ಎರಡು ಗೇಣು. ಹೆಬ್ಬೆರಳು ಇಳಿಸಿದ.

ನುಣುಪು.

ನಾಲ್ಕು ಬೆರಳು ಆಚೆ ಸರಿಸಿದ. ನುಣುಪು. ಈಚೆ ಸರಿಸಿದ.

"ರುಬೆಲ್. ಈ ಸಲ ನಿಜ ಹೇಳು. ಇದೆಯಾ, ಇಲ್ವಾ?"

"ಇಲ್ಲ ಅಪ್ಪ. ತೆಗೆಸ್ಬಿಟ್ಟೆ." ಅವನ ದನಿಯಲ್ಲಿ ಹೆಮ್ಮೆ ಇತ್ತು. "ಮೊದ್ಲು ತಟ್ಟಿ ಸಮ ಮಾಡಿ, ಆಮೇಲೆ ತಾಮ್ರ, ನಿಕ್ಕಲ್, ಕ್ರೋಮ್. ಅದಕ್ಕೇ ಇಷ್ಟೆಲ್ಲ ಮಾಡಿದ್ದು. ಇಪ್ಪತ್ತೊಂಬತ್ತು ಈಸ್ಟರ್ ಊರೆಲ್ಲ ನೋಡೋ ಹಾಗೆ ಅದನ್ನ ಮೆರೆಸಿದೀಯ. ನನ್ನ ತಪ್ಪು ನಾನು ಮರೀಬಾರ್ದು ಅಂತ. ಇನ್ನಾದ್ರೂ ಸಾಕು, ಅಲ್ವಾ?"

"ನಿಂಗೆ ತೋರಿಸ್ಲಿಕ್ಕೆ ಇಟ್ಕೊಂಡಿದ್ದೆ ಅಂದ್ಕೊಂಡ್ಯಾ?"

"ಮತ್ತೆ ಯಾರಿಗೆ?"

"ನಂಗೆ."

ಸೆಲೆ ಹೆಬ್ಬೆರಳನ್ನು ಎತ್ತಲಿಲ್ಲ.

"ಅವತ್ತು ಪೊಲೀಸ್ನೋನು ಫೋನ್ ಮಾಡಿ ಕಾರು ನದಿ ಹತ್ರ ಇದೆ ಅಂದ. ನೀನು ಇದೀಯೋ ಇಲ್ವೋ ಹೇಳ್ಲಿಲ್ಲ. ನಾನು ಹೋದಾಗ ಮುಂದಿನ ಚಕ್ರ ಎರಡೂ ನೀರಿನ ಮೇಲೆ ನೇತಾಡ್ತಿದ್ವು. ಬಂಪರ್ ಮರಕ್ಕೆ ಕಚ್ಕೊಂಡಿತ್ತು, ಅದೊಂದೇ ಹಿಡಿದಿಟ್ಟಿದ್ದು. ಬಾಗಿಲು ತೆಗೆದಿತ್ತು, ನೀನಿರ್ಲಿಲ್ಲ. ನೀರಲ್ಲಿ ಹುಡುಕಿದ್ವಿ. ನೀನು ಹೆದರಿ ಈ ಫಿದೆಲ್ ಮನೇಲಿ ಅಡಗಿ ಕೂತಿದೀಯ ಅಂತ ಗೊತ್ತಾಗೋಕೆ ಮೂರು ಗಂಟೆ ಆಯ್ತು." ಸೆಲೆ ಹೆಬ್ಬೆರಳಿನಿಂದ ಆ ನುಣುಪನ್ನು ಒತ್ತಿದ. "ಶನಿವಾರ ಅಲ್ಲಿ ಬೆರಳಿಟ್ಟು, ಹುಡುಗ ಮನೇಲಿದಾನೆ ಅಂತೀನಿ. ಅಷ್ಟೇ. ಬೇರೇನೂ ಇಲ್ಲ."

"ಮತ್ತೆ ಹನ್ನೊಂದು ತಿಂಗಳು ಮಾತು ಬಿಟ್ಟಿದ್ದು?"

"ಬಾಯಿ ತೆಗೆದ್ರೆ ಅಳು ಬರ್ತಿತ್ತು."

"ಇಷ್ಟು ವರ್ಷ ಅದನ್ನ ಹೇಳೋಕೇನಾಗಿತ್ತಪ್ಪ ನಿಂಗೆ?"

"ಅದರಲ್ಲಿ ಹೇಳೋದು ಏನಿದೆ?" ಎಂದ ಸೆಲೆ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ರುಬೆಲ್ ಕಟ್ಟಿಗೆ ಕೋಣೆಗೆ ಹೋಗಿ ಬಂದ ಹೆಜ್ಜೆ ಸದ್ದು ಕೇಳಿಸಿತು. "ಲೇ, ಲೇ, ನಿನ್ನೆ ಬಂದ ಕ್ರೋಮ್ ಕಣೋ ಅದು," ಎಂದು ಫಿದೆಲ್ ಗಾಬರಿಯಿಂದ ಅಡ್ಡ ಹೋದ. ಬಟ್ಟೆ ಸುತ್ತಿದ ಸುತ್ತಿಗೆ ಹಿಡಿದು ರುಬೆಲ್ ಅಪ್ಪನ ಪಕ್ಕದಲ್ಲಿ ಮಂಡಿಯೂರಿದ.

"ಜಾಗ ತೋರ್ಸು ಅಪ್ಪ."

"ಕೆಳಗಿಡು ಅದನ್ನ," ಎಂದ ಸೆಲೆ. "ನೀನು ಹೊಡೆದ್ರೆ ಮತ್ತೆ ನಾಲ್ಕು ಬೆರಳು ಆಚೆ ಬೀಳುತ್ತೆ."

ಎರ್ಲಿಂದಾ ಬಾಗಿಲಲ್ಲಿ ನಿಂತು ನಕ್ಕಳೋ ಅತ್ತಳೋ, ಸದ್ದಿನಿಂದ ತಿಳಿಯಲಿಲ್ಲ. ಸೆಲೆ ಮಗನ ದೊಡ್ಡ ಕೈಯನ್ನು ಎಳೆದುಕೊಂಡ. ತನ್ನ ಗೇಣಿನಲ್ಲಿ ಎರಡು ಅಳೆದು, ಮಗನ ಹೆಬ್ಬೆರಳನ್ನು ಅಲ್ಲಿಟ್ಟು, ಅದರ ಮೇಲೆ ತನ್ನದನ್ನು ಇಟ್ಟು ಒತ್ತಿದ. ಗೊಣಗುತ್ತಿದ್ದ ಮಾತನ್ನು ಈ ಸಲ ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ಹೆಗಲ ಮೇಲಿದ್ದ ಲಂಗೋಟಿ ಬಟ್ಟೆಯನ್ನು ತೆಗೆದು ಮಗನ ಕೈಗೆ ಕೊಟ್ಟ.

"ಬೆರಳಿನ ಗುರುತು ಬಿದ್ದಿರುತ್ತೆ. ಒರೆಸು. ಈ ಮೂಲೆ ಇನ್ಮೇಲೆ ನಿಂದು."

ರುಬೆಲ್ ಒರೆಸತೊಡಗಿದ. ಸೆಲೆ ಪಕ್ಕದಲ್ಲೇ ಕೂತು ಕಿವಿಗೊಟ್ಟ. ಬಟ್ಟೆಯ ಕೀಚಲು ಸದ್ದು ಎಡ ಮೂಲೆಯಿಂದ ಹೊರಟಿತು, ಎರಡು ಗೇಣಿನ ಹತ್ತಿರ ಬಂದು ನಿಂತಿತು, ಆ ಒಂದು ಜಾಗವನ್ನು ಬಿಟ್ಟು ಆಚೆಯಿಂದ ಮತ್ತೆ ಶುರುವಾಯಿತು.